ಚರಿಗೆ ಹಿಡಿದ ಕೈ

"ದಿನಾ ನಡೀಬೇಕ್ರೀ ಯವ್ವಾ" ಎಂದು ಯಾರಾದರೂ ಡಾಕ್ಟರು ಹೆಣ್ಣುಮಗಳೊಬ್ಬಳಿಗೆ ಹೇಳುವುದನ್ನು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟು ಡಾಕ್ಟರ ಮೇಲಲ್ಲ. ಅವರು ಹೇಳುವುದು ಖರೆ ಮಾತೇ. ಆದರೆ ಎಲ್ಲಿ ನಡೆಯಬೇಕು, ಯಾರನ್ನು ಕೇಳಿ ನಡೆಯಬೇಕು, ಕೈಯಲ್ಲಿ ಏನು ಹಿಡಿದು ನಡೆಯಬೇಕು ಎಂಬುದನ್ನು ಯಾವ ಔಷಧದ ಚೀಟಿಯಲ್ಲೂ ಬರೆದಿರುವುದಿಲ್ಲ. ನನ್ನ ಅವ್ವನಿಗೆ ಈ ಮಾತು ಹೇಳಿದ್ದು ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಗದಗಿನ ದವಾಖಾನೆಯೊಂದರಲ್ಲಿ. "ಮೈ ಬೆವರೂ ಹಂಗ ನಡೀರಿ. ಇಲ್ಲಾಂದ್ರ ಕಾಲಿನ ಹೊಣಿ ನನ್ನದಲ್ಲ" ಎಂದಿದ್ದರು. ಅವ್ವ ಹೂಂ ಎಂದು ತಲೆಯಾಡಿಸಿ ಹೊರಗೆ ಬಂದಳು. ಬಾಗಿಲ ಹತ್ತಿರ ನಿಂತು ನನ್ನನ್ನು ಕೇಳಿದಳು: "ನಡೀರಿ ಅಂದ್ರ, ಎಲ್ಲಿಗೆ?"

ಮಗಳಾದ ನನಗೆ ಆಗ ಹದಿನಾರು ವರ್ಷ. ಜೊತೆಗೆ ಬಂದಿದ್ದ ಅಪ್ಪ ಆಗಲೇ ಮುಂದೆ ನಡೆದುಬಿಟ್ಟಿದ್ದ.

ನಾವು ಬೆಟಗೇರಿಯ ನೇಕಾರರ ಓಣಿಯವರು. ಮನೆಯ ಮುಕ್ಕಾಲು ಪಾಲು ಮಗ್ಗದ್ದು, ಉಳಿದ ಮೂಲೆಯಲ್ಲಿ ನಾವು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಅವನ ಕಾಲುಗಳಾದರೂ ದಿನವಿಡೀ ತುಳಿಯುತ್ತ ಆಡುತ್ತಿದ್ದವು. ಅವ್ವ ರಾಟಿಯ ಮುಂದೆ ಕಾಲು ಮಡಿಚಿ ಕುಳಿತರೆ ಮುಗಿಯಿತು. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳನ್ನು ಸುತ್ತಿ ಸುತ್ತಿ ಬುಟ್ಟಿ ತುಂಬಿಸುವುದೇ ಅವಳ ಕೆಲಸ. ಒಲೆ ಹೊತ್ತಿಸಲು ಏಳುವುದು, ಮತ್ತೆ ಕೂರುವುದು. ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಓಣಿಯ ಎಲ್ಲ ಹೆಂಗಸರೂ ಗೋಡೆ ಹಿಡಿದೇ ಏಳುತ್ತಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಅವಳ ಅಂಗೈಯ ಜಿಡ್ಡು ಕಪ್ಪಗೆ ಕೂತಿತ್ತು.

ಸಕ್ಕರೆ ರೋಗ ಅವ್ವನ ಮೈಯೊಳಗೆ ಯಾವಾಗ ಬಂದು ಕೂತಿತೋ ಯಾರಿಗೂ ಗೊತ್ತಾಗಲಿಲ್ಲ. ಮೊದಲು ಅಂಗಾಲು ಜುಮುಗುಟ್ಟಿತು, ಆಮೇಲೆ ಜೋಮು ಹಿಡಿಯಿತು. ಹಿಂದಿನ ಓಣಿಯಲ್ಲಿ ನೂಲಿಗೆ ಗಂಜಿ ಹಾಕುವ ಒಬ್ಬಾಕೆಗೂ ಹೀಗೆಯೇ ಆಗಿ, ಹುಬ್ಬಳ್ಳಿಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದಿದ್ದರು. ಆಕೆ ಬಾಗಿಲಲ್ಲಿ ಕುಂಡಿ ಸರಿಸಿಕೊಂಡು ಅಂಗಳಕ್ಕೆ ಬರುವುದನ್ನು ಅವ್ವ ನೋಡಿದ್ದಳು. ಅದನ್ನು ನೋಡಿ ಬಂದ ದಿನ ಅವ್ವ ಊಟ ಮಾಡಿರಲಿಲ್ಲ.

ಓಣಿಯಲ್ಲಿ ಶರೀರವನ್ನು ದೇವರಂತೆ ಕಾಣುವ ಜಾಗವೂ ಒಂದಿತ್ತು, ಇಲ್ಲವೆನ್ನುವಂತಿಲ್ಲ. ಅದು ಗರಡಿಮನೆ. ಓಣಿಯ ತುದಿಗೆ, ಕೆಂಪು ಮಣ್ಣು, ಕೊಬ್ಬರಿ ಎಣ್ಣೆಯ ವಾಸನೆ. ಬೆಳಿಗ್ಗೆ ಸಂಜೆ ಹುಡುಗರು ದಂಡ ಬಸ್ಕಿ ಹೊಡೆಯುತ್ತಿದ್ದರು. ಮನೆಯ ಹೆಣ್ಣುಮಕ್ಕಳ ಬಾಯಿಗೆ ಚಹಾದಲ್ಲೂ ಸಿಗದ ಹಾಲು ಆ ಹುಡುಗರ ಹೊಟ್ಟೆಗೆ ಲೋಟಗಟ್ಟಲೆ ಹೋಗುತ್ತಿತ್ತು. ಅಲ್ಲಿಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು, ಓಣಿಗೆ ಹಿರಿಯನೂ ಹೌದು. "ಶರೀರ ಅಂದ್ರ ಗುಡಿ ಇದ್ದಂಗಲೇ" ಎಂದು ಅವನು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದದ್ದು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಹೆಂಗಸರು ಆ ಗರಡಿಯ ಮೆಟ್ಟಿಲು ತುಳಿದರೆ ಮೈಲಿಗೆ. ಅವನ ಲೆಕ್ಕದಲ್ಲಿ ಗುಡಿಗಳು ಗಂಡಸರವು ಮಾತ್ರ ಇದ್ದವು.

ಹಾಗಾದರೆ ಹೆಂಗಸರು ನಡೆಯುತ್ತಲೇ ಇರಲಿಲ್ಲವೇ? ನಡೆಯುತ್ತಿದ್ದರು. ಆದರೆ ಕೈಯಲ್ಲಿ ಏನಾದರೂ ಇರಬೇಕಿತ್ತು. ಕೊಡ ಇರಬೇಕು, ಇಲ್ಲವೇ ನೂಲಿನ ಗಂಟು, ಇಲ್ಲವೇ ಕಂಕುಳಲ್ಲಿ ಕೂಸು. ಬರಿಗೈಯಲ್ಲಿ ಹೊರಟವಳನ್ನು ಹತ್ತು ಬಾಗಿಲು ಕೇಳುತ್ತಿದ್ದವು, "ಯಾಕವಾ, ಎಲ್ಲಿಗೆ ಹೊಂಟಿ?" ಯಾರೂ ಏನೂ ಕೇಳದೆ ಬಿಡುತ್ತಿದ್ದದ್ದು ಒಂದೇ ಒಂದು ಸಾಮಾನನ್ನು. ಅದು ಚರಿಗೆ, ಅಂದರೆ ತಂಬಿಗೆ. ಮನೆಗಳಲ್ಲಿ ಪಾಯಖಾನೆ ಇರಲಿಲ್ಲ. ನಸುಕಿನಲ್ಲಿ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ, ಹೆಂಗಸರು ಚರಿಗೆಯಲ್ಲಿ ನೀರು ಹಿಡಿದು ರೈಲು ಹಳಿಯ ಆಚೆಯ ಬಯಲಿಗೆ ಹೋಗುತ್ತಿದ್ದರು. ಚರಿಗೆ ಹಿಡಿದ ಹೆಣ್ಣುಮಗಳು ಎದುರಾದರೆ ಗಂಡಸು ಮುಖ ತಿರುಗಿಸಬೇಕು, ಮಾತಾಡಿಸಬಾರದು, ತಡೆಯಬಾರದು. ಇದು ನಮ್ಮ ಕಡೆಯ ಮರ್ಯಾದೆ. ನಮಗೆ ಪಾಯಖಾನೆ ಕಟ್ಟಿಸಿಕೊಡಲು ಮನಸ್ಸು ಬಾರದವರಿಗೆ ಮುಖ ತಿರುಗಿಸಲು ಮಾತ್ರ ಚೆನ್ನಾಗಿ ಬರುತ್ತಿತ್ತು.

ಇದನ್ನು ಮೊದಲು ಕಂಡುಕೊಂಡವಳು ಖಾಲಾ. ಆಕೆ ಪಿಂಜಾರರ ಓಣಿಯವಳು; ಅವರಲ್ಲಿ ಖಾಲಾ ಎಂದರೆ ಚಿಕ್ಕಮ್ಮ, ಊರೆಲ್ಲ ಹಾಗೆಯೇ ಕರೆಯುತ್ತಿತ್ತು. ಗಂಡನೊಂದಿಗೆ ಅರಳೆ ಹಿಂಜಿ ಗಾದಿ ಹೊಲಿಯುವ ಕೆಲಸ. ಕಳಸಾಪುರ, ಅಸುಂಡಿ ಎಂದು ಹಳ್ಳಿ ಹಳ್ಳಿ ನಡೆದೇ ಹೋಗಿ ಗಾದಿ ಹೊಲಿದು ಬರುತ್ತಿದ್ದಳು. ಅವ್ವನಿಗಿಂತ ದೊಡ್ಡವಳು, ಆದರೂ ಕೆಳಗೆ ಕೂತವಳು ಗೋಡೆಯ ಹಂಗಿಲ್ಲದೆ ಏಳುತ್ತಿದ್ದಳು. ನಮ್ಮ ಮನೆಯ ಹಳೆಯ ಗಾದಿ ಬಿಚ್ಚಿ ಹೊಲಿಯಲು ಬಂದಾಗ ಅವ್ವ ಡಾಕ್ಟರ ಮಾತು ಹೇಳಿ ಕಣ್ಣೀರು ಹಾಕಿದಳು.

"ಅಳತಿ ಯಾಕ, ತಂಗಿ?" ಎಂದಳು ಖಾಲಾ, ಸೂಜಿಗೆ ದಾರ ಪೋಣಿಸುತ್ತ. "ಸಂಜಿಮುಂದ ಚರಿಗಿ ಹಿಡ್ಕೊಂಡು ಬಾ. ಚರಿಗಿ ಕೈಯಾಗ ಐತಂದ್ರ ನಿನ್ನನ್ನ ಕೇಳೂ ಗಂಡಸ ಇನ್ನೂ ಹುಟ್ಟಿಲ್ಲ. ಬಯಲು ಎಷ್ಟ ಉದ್ದ ಐತಿ, ನೋಡೀಯಿಲ್ಲೋ? ನಡಿಯೂಣು."

ಹಾಗೆ ಶುರುವಾಯಿತು. ಅವ್ವ, ನಾನು, ಖಾಲಾ. ವಾರದೊಳಗೆ ಪಕ್ಕದ ಮನೆಯ ಸೊಸೆ ಬಂದಳು, ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಪಿಂಜಾರರ ಓಣಿಯಿಂದ ಖಾಲಾಳ ಸೊಸೆಯಂದಿರು. ಹಳಿ ದಾಟಿದ ಮೇಲೆ ಒಂದು ಜಾಲಿ ಗಿಡವಿತ್ತು. ಅದರ ಬುಡದಲ್ಲಿ ಚರಿಗೆಗಳನ್ನು ಸಾಲಾಗಿ ಇಟ್ಟು, ಸೀರೆ ಎತ್ತಿ ಸಿಕ್ಕಿಸಿ, ಖಾಲಾ ಮುಂದೆ, ಉಳಿದವರು ಹಿಂದೆ, ಬಿರಬಿರನೆ ನಡೆಯುತ್ತಿದ್ದೆವು. ದೂರದ ಕಲ್ಲುಗುಂಡಿನವರೆಗೆ ಹೋಗಿ ತಿರುಗಿ ಬರುವುದು. ಮೊದಮೊದಲು ಅವ್ವ ಅರ್ಧ ದಾರಿಗೇ ಕುಕ್ಕರಿಸುತ್ತಿದ್ದಳು. "ಏಳ್, ಕುಂತು ಕುಂತು ಇಷ್ಟಾಗೈತಿ" ಎಂದು ಖಾಲಾ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು.

ಒಂದು ಸಂಜೆ ನಡಿಗೆ ಮುಗಿಸಿ ಬಂದು, ಯಾರೋ ಇಬ್ಬರು ಕೈಕೈ ಹಿಡಿದು ಫುಗಡಿ ತಿರುಗಲು ಶುರು ಮಾಡಿದರು. ಫುಗಡಿ ಎಂದರೆ ಪಂಚಮಿಗೆ ತವರಿಗೆ ಹೋದಾಗ ಆಡುವ ಆಟ. ಗಂಡನ ಮನೆಯ ಊರಿನಲ್ಲಿ ಆಡುವುದೆಂದರೆ ಕೇಳಲೇಬೇಡಿ. ಅವ್ವ ನೋಡುತ್ತ ನಿಂತಿದ್ದವಳು ನನ್ನ ಕೈ ಎಳೆದಳು. ಇಬ್ಬರೂ ಕಾಲು ಕೂಡಿಸಿ, ಹಿಂದಕ್ಕೆ ಬಾಗಿ ಗರಗರ ತಿರುಗಿದೆವು. ಅವಳ ತುರುಬು ಬಿಚ್ಚಿಹೋಯಿತು. ಅವ್ವ ನಗುವುದನ್ನು ನಾನು ನೋಡಿದ್ದೆ, ಆದರೆ ಹಲ್ಲು ಕಾಣುವಂತೆ, ಉಸಿರು ಸಿಗದಂತೆ ನಗುವುದನ್ನು ನೋಡಿದ್ದು ಅದೇ ಮೊದಲು. ಮನೆಗೆ ಬಂದು ಕೆಳಗೆ ಕೂತವಳು ರೊಟ್ಟಿ ಬಡಿದು ಮುಗಿಸಿ ಎದ್ದಳು. ಎದ್ದ ಮೇಲೆ ನನಗೆ ಗೊತ್ತಾಯಿತು, ಗೋಡೆ ಹಿಡಿದಿರಲಿಲ್ಲ.

ನಮ್ಮ ಗುಟ್ಟು ಹೊರಬಿದ್ದದ್ದು ನೀರಿನಿಂದ. ಬೆಟಗೇರಿಯ ನಳದಲ್ಲಿ ನೀರು ಯಾವಾಗ ಬರುತ್ತದೆ ಎಂದು ದೇವರಿಗೂ ಗೊತ್ತಿರುತ್ತಿರಲಿಲ್ಲ. ಬಂದ ದಿನ ಗಡಿಗೆ, ಹಂಡೆ, ಬೋಗುಣಿ, ಕೊನೆಗೆ ಲೋಟವನ್ನೂ ತುಂಬಿಡುವ ಜನ ನಾವು. ಖಾಲಿ ಚರಿಗೆ ಹಿಡಿದು ಹೊರಟರೆ ಕೈ ಬೀಸುವ ರೀತಿಯಲ್ಲೇ ಗೊತ್ತಾಗುತ್ತದೆಂದು ತುಂಬಿಸಿಕೊಂಡೇ ಹೋಗುತ್ತಿದ್ದೆವು. ತಿರುಗಿ ಬರುವಾಗ ಆ ನೀರನ್ನು ಬಯಲಿಗೆ ಚೆಲ್ಲಿ ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಬೇರೆ ಯಾವ ಊರಿನ ಹೆಂಗಸರಾದರೂ ಚೆಲ್ಲುತ್ತಿದ್ದರು. ನಮಗೆ ಮನಸ್ಸು ಬರಲಿಲ್ಲ. ಒಬ್ಬಳಿಗೂ ಬರಲಿಲ್ಲ. ಮುಟ್ಟದ ನೀರನ್ನು ಚೆಲ್ಲುವುದು ಹೇಗೆ? ಎಲ್ಲರೂ ತುಂಬಿದ ಚರಿಗೆಯನ್ನು ತುಳುಕದಂತೆ ಹಿಡಿದು ಬಂದು, ಬಚ್ಚಲ ಬಕೀಟಿಗೆ ಸುರಿಯುತ್ತಿದ್ದೆವು.

ಬಚ್ಚಲ ಪಕ್ಕದಲ್ಲೇ ಆಯಿ ಕೂರುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಒಂದು ಸಂಜೆ ಬಕೀಟಿಗೆ ನೀರು ಬೀಳುವ ಸದ್ದು ಕೇಳಿ ಅವ್ವನ ಕೈ ಹಿಡಿದಳು.

"ತುಂಬಿಸಿಕೊಂಡು ಹೋಗಿದ್ದು ತುಂಬಿಕೊಂಡ ಬಂತಲ್ಲ? ನೀರ ಮುಟ್ಟಿಲ್ಲ ಅಂದ್ರ ಬಯಲಿಗೆ ಹೋಗಿಲ್ಲ. ಇಷ್ಟೊತ್ತನ ಎಲ್ಲಿಗೆ ಹೋಗಿದ್ದಿ?"

"ನಡಿಯಾಕ ಹೋಗಿದ್ನಿ ಅತ್ತಿ. ಡಾಕ್ಟರ ಹೇಳಿದ್ರಲ್ಲ."

"ನಡಿಯಾಕ? ಹೆಣ್ಮಗಳು, ಕತ್ತಲಾಗ, ಬಯಲಾಗ, ಬರೇ ನಡಿಯಾಕ?" ಆಯಿಯ ದನಿ ಏರಿತು. ಆ ದನಿ ಪಕ್ಕದ ಮನೆಗೆ ಕೇಳಿತು. ಪಕ್ಕದ ಮನೆಯ ಅತ್ತೆ ತನ್ನ ಸೊಸೆಯ ಚರಿಗೆಯನ್ನು ಎತ್ತಿ ನೋಡಿದಳು. ಕತ್ತಲು ದಟ್ಟವಾಗುವಷ್ಟರಲ್ಲಿ ಓಣಿಯ ತುಂಬ ಅತ್ತೆಯರು ಚರಿಗೆ ಎತ್ತಿ ನೋಡುತ್ತಿದ್ದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು ನಮ್ಮ ಬಾಳು.

ಮರುದಿನ ಗರಡಿಯ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಗಂಡಸರು ಕಟ್ಟೆಯ ಮೇಲೆ, ನಾವು ಎದುರಿನ ಮನೆಯ ಬಾಗಿಲ ಹಿಂದೆ. ಯಾರೂ ಬಾಯಿ ಬಿಟ್ಟು ಹಾದರ ಎಂಬ ಮಾತನ್ನು ಆಡಲಿಲ್ಲ. ಆಡದೆಯೇ ಎಲ್ಲರ ಮೇಲೂ ಸುರಿದರು. ನಮ್ಮ ಅಪ್ಪನನ್ನು ವಸ್ತಾದ ಕೇಳಿದ, "ಏನೋಪಾ, ನಿನ್ನ ಹೇಂತಿ ದಿನಾ ಎಲ್ಲಿಗೆ ಹೋಗತಾಳ, ನಿನಗ ಖಬರ ಐತೇನು?" ಡಾಕ್ಟರು ಹೇಳಿದಾಗ ಅಪ್ಪ ನಮ್ಮ ಜೊತೆಗೇ ಇದ್ದ, ಕಿವಿಯಾರೆ ಕೇಳಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆದ. ಆ ಹೆಬ್ಬೆರಳನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ.

ಅವ್ವನೇ ಬಾಗಿಲ ಹಿಂದಿನಿಂದ ಹೇಳಿದಳು, "ನಡೀಲಿಲ್ಲಂದ್ರ ಕಾಲ ಹೋಗತೈತ್ರೀ, ಡಾಕ್ಟರ ಹೇಳ್ಯಾರ."

"ನಡಿಯಾಕ ಯಾರ ಬ್ಯಾಡ ಅಂದಾರವಾ?" ಎಂದ ವಸ್ತಾದ, ಬಹಳ ಶಾಂತವಾಗಿ. "ಮನಿಯಾಗ ನಡೀರಿ."

ಮನೆಯಲ್ಲಿ! ಮಗ್ಗ, ಗಂಜಿಯ ಗಡಿಗೆ, ರಾಟಿ, ಆಯಿಯ ಹಾಸಿಗೆ. ಇವನ್ನೆಲ್ಲ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಮೂಗು ಗೋಡೆಗೆ ತಾಗುತ್ತಿತ್ತು. ಅಂಥ ಮನೆಯಲ್ಲಿ ಬೆವರು ಬರುವಂತೆ ನಡೆಯಿರಿ ಎಂದವನು ಕುಸ್ತಿಯ ಹುಡುಗರನ್ನು ದಿನಾ ಬೆಳಿಗ್ಗೆ ಊರ ಹೊರಗಿನ ಗುಡ್ಡ ಹತ್ತಿಸುತ್ತಿದ್ದ.

ತೀರ್ಮಾನ ಹೀಗಾಯಿತು. ಇನ್ನು ಮೇಲೆ ಸಂಜೆ ಬಯಲಿಗೆ ಹೋಗುವವರ ಜೊತೆ ಮುದುಕಿಯೊಬ್ಬಳು ಹೋಗಬೇಕು, ಕೆಲಸ ಮುಗಿದ ಕೂಡಲೇ ತಿರುಗಿ ಕರೆತರಬೇಕು. ಮತ್ತೆ, ಹೆಂಗಸರ ತಲೆ ಕೆಡಿಸಿದ ಆ ಪಿಂಜಾರಾಕಿ ಓಣಿಯೊಳಗೆ ಕಾಲಿಡಬಾರದು. ಓಣಿಯ ಅಷ್ಟೂ ಗಂಡಸರು ಅವಳು ಹೊಲಿದ ಗಾದಿಯ ಮೇಲೆಯೇ ಮಲಗುತ್ತಿದ್ದರು. ಆ ರಾತ್ರಿಯೂ ಅದರ ಮೇಲೆಯೇ ಮಲಗಿದರು, ಒಬ್ಬನಿಗೂ ಚುಚ್ಚಲಿಲ್ಲ.

ಅವ್ವ ಮತ್ತೆ ರಾಟಿಯ ಮುಂದೆ ಕೂತಳು. ಬೇಸಿಗೆ ಹೋಗಿ ಮಳೆಗಾಲ ಬಂತು. ಗೋಡೆ ಹಿಡಿಯುವುದು ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ರೊಟ್ಟಿ ಮಾಡುತ್ತಿದ್ದಾಗ ನನಗೆ ಏನೋ ಸುಟ್ಟ ವಾಸನೆ ಬಡಿಯಿತು. ರೊಟ್ಟಿಯ ವಾಸನೆಯಲ್ಲ. ಬಗ್ಗಿ ನೋಡಿದರೆ ಒಲೆಯಿಂದ ಉರುಳಿದ ಕೆಂಡವೊಂದು ಅವ್ವನ ಎಡಗಾಲಿನ ಕಿರಿಬೆರಳಿಗೆ ಹತ್ತಿಕೊಂಡು ಕೂತಿತ್ತು. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಕಿರುಚಿದ ಮೇಲೆ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು. ದವಾಖಾನೆಯಲ್ಲಿ ಅದನ್ನು ತೆಗೆದರು. ಇಷ್ಟಕ್ಕೇ ನಿಂತದ್ದು ಪುಣ್ಯ, ಗಾಯ ಆರಿದ ಮೇಲೆ ನಡೆಯುವುದನ್ನು ಬಿಟ್ಟರೆ ಮುಂದಿನ ಸಲ ಇಡೀ ಕಾಲು ಎಂದರು. ನೋಡಲು ಬಂದ ವಸ್ತಾದ ಹೊಸ್ತಿಲ ಆಚೆ ನಿಂತು "ಹಣೀಬರಹ, ತಂಗಿ" ಎಂದ. ಅವ್ವ ಪಟ್ಟಿ ಕಟ್ಟಿದ ಕಾಲನ್ನು ಸೀರೆಯ ಅಂಚಿನೊಳಗೆ ಸರಿಸಿಕೊಂಡಳು. ನನಗೆ ಮಾತ್ರ ಆ ಹಣೆಬರಹವನ್ನು ಬರೆದವನ ಕೈಯನ್ನು ಹಿಡಿದು ಅದೇ ಕೆಂಡದ ಮೇಲೆ ಇಡಬೇಕೆನ್ನಿಸಿತ್ತು.

ಗಾಯ ಪೂರ್ತಿ ಆರುವಷ್ಟರಲ್ಲಿ ದಸರೆ ಕಳೆದಿತ್ತು. ಒಂದು ದಿನ ಸಂಜೆ, ಬಿಸಿಲು ಇನ್ನೂ ಗೋಡೆಗಳ ಮೇಲೆ ಇರುವಾಗಲೇ, ಅವಳು ಎದ್ದು ಚರಿಗೆ ತುಂಬಿಸಿದಳು. ಹಿತ್ತಲ ಕಡೆ ಹೋಗಲಿಲ್ಲ. ಮುಂಬಾಗಿಲಿನಿಂದ ಓಣಿಗೆ ಇಳಿದಳು. "ಅವ್ವಾ, ಇನ್ನೂ ಬೆಳಕೈತಿ" ಎಂದೆ.

"ಬೆಳಕ ಇದ್ರ ಚಲೋ ಆತು, ಕಾಲ ಎಲ್ಲಿ ಇಡ್ತೀನಿ ಅಂತ ಕಾಣತೈತಿ" ಎಂದಳು.

ಗರಡಿಯ ಕಟ್ಟೆಯ ಮೇಲೆ ಗಂಡಸರು ಇಸ್ಪೀಟು ಎಲೆಯಾಡುತ್ತ ಕೂತಿದ್ದರು. ಚರಿಗೆ ಹಿಡಿದ ಹೆಣ್ಣುಮಗಳು ಹಗಲು ಹೊತ್ತಿನಲ್ಲಿ ನಡುಬೀದಿಯಲ್ಲಿ ಬರುವುದನ್ನು ಕಂಡು ಒಮ್ಮೆಲೇ ಮುಖ ಗೋಡೆಗೆ ತಿರುಗಿಸಿದರು. ಅವ್ವ ಕುಂಟುತ್ತ ಅವರ ಮುಂದೆ ಹಾದು ಓಣಿಯ ಹೊರಗಿನ ತಿರುವಿನವರೆಗೆ ಹೋದಳು. ಅವರು ಎಲೆಗೆ ಕೈ ಹಾಕುವಷ್ಟರಲ್ಲಿ ತಿರುಗಿ ಬಂದಳು. ಮತ್ತೆ ಮುಖ ಗೋಡೆಗೆ. ಮತ್ತೆ ಹೋದಳು. ಮತ್ತೆ ಬಂದಳು. ನಾನೂ ಒಂದು ಚರಿಗೆ ತುಂಬಿಸಿಕೊಂಡು ಅವಳ ಹಿಂದೆ ಹೊರಟೆ. ಪಕ್ಕದ ಮನೆಯ ಸೊಸೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿ ನಕ್ಕಳು. ಮರುದಿನ ಅವಳ ಕೈಯಲ್ಲೂ ಚರಿಗೆ ಇತ್ತು.

ಮೂರನೆಯ ದಿನಕ್ಕೆ ಅವ್ವ ಪಿಂಜಾರರ ಓಣಿಗೆ ಹೋಗಿ ಖಾಲಾಳನ್ನು ಕರೆದಳು. "ನಿಮ್ಮ ಓಣಿಗೆ ಬರಬ್ಯಾಡ ಅಂದಾರ, ತಂಗಿ" ಎಂದಳು ಖಾಲಾ. ಅವಳ ದನಿಯಲ್ಲಿ ನೋವಿತ್ತು. ಅಷ್ಟು ತಿಂಗಳು ನಾವು ಯಾರೂ ಅವಳ ಕಡೆ ಹಾಯ್ದಿರಲಿಲ್ಲ. "ಬರಿಗೈಲೆ ಬರಬ್ಯಾಡ ಅಂದಾರ. ಚರಿಗಿ ಹಿಡ್ಕೊಂಡ ಬಾ" ಎಂದಳು ಅವ್ವ. ಖಾಲಾ ಸ್ವಲ್ಪ ಹೊತ್ತು ಅವ್ವನ ಕಾಲನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಚರಿಗೆ ತಂದಳು, ಸೊಸೆಯಂದಿರನ್ನೂ ಕರೆದಳು.

ಆ ಸಂಜೆಯ ಮೆರವಣಿಗೆಯನ್ನು ನೆನೆದರೆ ಸಿಟ್ಟಿನ ನಡುವೆಯೂ ನಗು ಬರುತ್ತದೆ. ಮುಂದೆ ಅವ್ವ, ಖಾಲಾ, ಹಿಂದೆ ಎರಡೂ ಓಣಿಯ ಸೊಸೆಯಂದಿರು. ಮುದುಕಿ ಜೊತೆಗಿರಬೇಕೆಂದು ಗಂಡಸರದೇ ತೀರ್ಮಾನವಾದ್ದರಿಂದ ಎಲ್ಲರ ಹಿಂದೆ ನಮ್ಮ ಆಯಿ. "ಮಾನಾ ಕಾಯಾಕ ಬಂದೀನಿ, ನಡಿಯಾಕಲ್ಲ" ಎಂದು ಸಿಕ್ಕವರಿಗೆಲ್ಲ ಹೇಳುತ್ತ, ಕೋಲೂರಿ, ಅವಳೂ ಸುತ್ತು ಹಾಕುತ್ತಿದ್ದಳು. ಗರಡಿಯ ಹುಡುಗರು ಬಸ್ಕಿ ಬಿಟ್ಟು ಗೋಡೆ ನೋಡುತ್ತ ನಿಂತರು. ಕೊನೆಗೆ ಒಬ್ಬ ತಡೆಯಲಾರದೆ ಗೋಡೆಗೇ ಕೂಗಿದ, "ಯವ್ವಾ, ಎಷ್ಟ ಸಲ ಹೋಗೂದ್ರೀ?"

"ಹೊಟ್ಟಿ ಸರಿ ಇಲ್ಲಪಾ" ಎಂದಳು ಅವ್ವ.

"ಇಡೀ ಓಣಿ ಹೊಟ್ಟಿ ಕೆಟ್ಟೈತೇನ್ರೀ?"

"ಓಣಿನ ಕೆಟ್ಟೈತಿ, ಮಗಾ" ಎಂದಳು ಖಾಲಾ. "ಸುಧಾರಸೂತನ ಸುತ್ತು ಹಾಕತೇವಿ."

ವಸ್ತಾದನಿಗೆ ಬೈಯಲೂ ಆಗುತ್ತಿರಲಿಲ್ಲ. ಬೈಯಬೇಕೆಂದರೆ ತಿರುಗಿ ನೋಡಬೇಕು. ನೋಡಿದರೆ ಅವನೇ ಮಾನಗೆಟ್ಟವನು. ಎಷ್ಟೋ ಸಂಜೆಗಳ ಮಟ್ಟಿಗೆ ನಮ್ಮ ಓಣಿಯ ಗಟ್ಟಿಮುಟ್ಟಾದ ಗಂಡಸರೆಲ್ಲ ಗರಡಿಯ ಗೋಡೆಯ ಸುಣ್ಣ ನೋಡುತ್ತ ಕಾಲ ಕಳೆದರು. ಬೇರೆ ಓಣಿಯವರು ಬಂದು ನಿಂತು ನಗತೊಡಗಿದ ಮೇಲೆ ಒಂದು ದಿನ ಅಪ್ಪನ ಕೈಲಿ ಹೇಳಿ ಕಳಿಸಿದರು. ಅಪ್ಪ ಮಗ್ಗದ ಕುಣಿಯಲ್ಲಿ ಇಳಿದು, ನಮ್ಮ ಕಡೆ ನೋಡದೆ ಹೇಳಿದ: "ನಡಿಯೂದಿದ್ರ ನಡೀರಿ ಅಂತ. ಚರಿಗಿ ಅಷ್ಟು ಮನಿಯಾಗ ಇಟ್ಟು ಬರ್ರಿ ಅಂತ."

"ಖಾಲಾ?" ಎಂದಳು ಅವ್ವ.

"ಆಕಿನೂ ಬರವಲ್ಲಳ್ಯಾಕ" ಎಂದ ಅಪ್ಪ. ಬರಲಿ ಎಂದು ನೇರವಾಗಿ ಹೇಳಲು ಆಗಲೂ ಅವನಿಗೆ ಬಾಯಿ ಬರಲಿಲ್ಲ.

ಗೆದ್ದೆವು ಎಂದು ಸೊಸೆಯಂದಿರು ಕುಣಿದರು. ನನಗೆ ಕುಣಿಯಬೇಕೆನ್ನಿಸಲಿಲ್ಲ. ಅವ್ವನ ಕಾಲು ಹೋಗುತ್ತದೆ ಎಂದಾಗ ಕರಗದವರು, ಬೆರಳು ಹೋದಾಗ ಹಣೆಬರಹ ಎಂದವರು, ತಮ್ಮ ಎಲೆಯಾಟ ಕೆಟ್ಟಿತೆಂದು ಕರಗಿದ್ದರು. ಅದಕ್ಕೆ ಗೆಲುವು ಎನ್ನುವುದಾದರೆ ಅನ್ನಬಹುದು.

ಮರುದಿನ ಸಂಜೆ ಅವ್ವ ಚರಿಗೆಯನ್ನು ಬಚ್ಚಲಲ್ಲಿ ಬೋರಲು ಹಾಕಿ ಹೊಸ್ತಿಲು ದಾಟಿದಳು. ಖಾಲಾ ಹೊರಗೆ ಕಾಯುತ್ತಿದ್ದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಅವ್ವ ನಿಂತುಬಿಟ್ಟಳು. ಅವಳ ಬಲಗೈ ಸೊಂಟದ ಹತ್ತಿರ ಮುಷ್ಟಿ ಕಟ್ಟಿಕೊಂಡು, ಅಲುಗದೆ, ತುಂಬಿದ ಚರಿಗೆ ಹಿಡಿದಂತೆಯೇ ಇತ್ತು. ಅವಳು ಅದನ್ನು ನೋಡಿದಳು.

"ಈ ಕೈ ಏನ ಮಾಡ್ಲಿ?" ಎಂದು ಕೇಳಿದಳು.

"ಬಿಡು ತಂಗಿ. ಬೀಸು" ಎಂದಳು ಖಾಲಾ, ತನ್ನ ಕೈ ಬೀಸಿ ತೋರಿಸುತ್ತ.

ಅವ್ವ ಮುಷ್ಟಿ ಬಿಚ್ಚಿ ಕೈ ಬೀಸಲು ನೋಡಿದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಮತ್ತೆ ಸೊಂಟಕ್ಕೆ ಬಂದು ಕೂತಿತು. ನಡೆಯಲು ಕಲಿತಾಗಿನಿಂದ ನಲವತ್ತು ದಾಟುವವರೆಗೆ ಅವಳು ಜನರ ಕಣ್ಣೆದುರು ಒಂದು ದಿನವೂ ಬರಿಗೈಯಲ್ಲಿ ನಡೆದಿರಲಿಲ್ಲ. ಮುಂದೆ ಎಷ್ಟೋ ವರ್ಷ ಅವ್ವ ನಡೆದಳು, ಕಾಲು ಉಳಿಯಿತು. ಆದರೆ ಕೊನೆಯವರೆಗೂ ಅವಳ ಬಲಗೈ ಬೀಸಲಿಲ್ಲ.